ದೊಡ್ಡಪ್ಪ ಹಂಚಿದ ಮೆಗ್ನೀಸಿಯಂ ಸಂದೇಶ: ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಚರ್ಚೆ

ದೊಡ್ಡಪ್ಪ (ಮಂಡ್ಯ): ಮೇಲಿನ ಸಂದೇಶವನ್ನು ಎಲ್ಲರೂ ತಪ್ಪದೆ ಓದಿರಿ. ರಾಸಾಯನಿಕ ಗೊಬ್ಬರದಿಂದ ಮಣ್ಣಿನ ಮೆಗ್ನೀಸಿಯಂ ಬರಿದಾಗಿ, ನಾವು ಉಣ್ಣುವ ಅನ್ನ, ಮುದ್ದೆ, ಸೊಪ್ಪಿನಲ್ಲಿ ಅದರ ಅಂಶವೇ ಉಳಿದಿಲ್ಲವಂತೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದಕ್ಕೂ ನಿದ್ದೆ ಬಾರದಿರುವುದಕ್ಕೂ ಇದೇ ಕಾರಣವಂತೆ. ಐವತ್ತು ದಾಟಿದವರೆಲ್ಲ ಮೆಗ್ನೀಸಿಯಂ ಮಾತ್ರೆ ತೆಗೆದುಕೊಳ್ಳಬೇಕೆಂದು ಬರೆದಿದ್ದಾರೆ. ನಾನು ನಾಳೆಯಿಂದಲೇ ಆರಂಭಿಸುತ್ತೇನೆ.

ನಾನು (ಮೈಸೂರು): ದೊಡ್ಡಪ್ಪ, ದಯವಿಟ್ಟು ಆರಂಭಿಸಬೇಡಿ. ದೇಹಕ್ಕೆ ಹೆಚ್ಚಾದ ಮೆಗ್ನೀಸಿಯಂ ಹೊರಹೋಗುವುದು ಮೂತ್ರಪಿಂಡದ ಮೂಲಕ. ನಿಮ್ಮ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಗ್ಗಿದಾಗ ರಕ್ತದಲ್ಲಿ ಏರುವ ತ್ಯಾಜ್ಯ) ಈಗಾಗಲೇ ಮಿತಿ ಮೀರಿರುವುದರಿಂದ ಮೆಗ್ನೀಸಿಯಂ ರಕ್ತದಲ್ಲೇ ಶೇಖರಗೊಂಡು ರಕ್ತದೊತ್ತಡ ಕುಸಿಯುವ, ಹೃದಯದ ಬಡಿತವೇ ಏರುಪೇರಾಗುವ ಅಪಾಯವಿದೆ. ಈ ಎಚ್ಚರಿಕೆಯ ಒಂದು ಸಾಲೂ ಆ ಸಂದೇಶದಲ್ಲಿಲ್ಲ ಎಂಬುದೇ ನನ್ನ ಮೊದಲ ಆಕ್ಷೇಪ.

ಭಾವ (ಪಾಂಡವಪುರ): ಆದರೆ ಮಣ್ಣಿನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನಾಲೆಯ ಕೆಳಗಿನ ನಮ್ಮ ಕಬ್ಬಿನ ಗದ್ದೆಯಲ್ಲಿ ಬುಡದ ಹಳೆಯ ಎಲೆಗಳ ಮೇಲೆ ತುಕ್ಕು ಹಿಡಿದಂಥ ಕಲೆಗಳು ಮೂಡಿದ್ದವು, ಸುಳಿ ಮಾತ್ರ ಹಸಿರಾಗಿತ್ತು. ರೋಗವೆಂದು ಔಷಧಿ ಹೊಡೆಸಿದೆವು, ಫಲ ಸಿಗಲಿಲ್ಲ. ಕೊನೆಗೆ ಮಣ್ಣು ಪರೀಕ್ಷೆ ಮಾಡಿಸಿದಾಗ ಮೆಗ್ನೀಸಿಯಂ ಕಡಿಮೆಯೆಂದು ತಿಳಿಯಿತು. ನಾವು ಯೂರಿಯಾ, ಡಿಎಪಿ, ಪೊಟ್ಯಾಷ್ ಗೊಬ್ಬರಗಳನ್ನು ಬಿಟ್ಟು ಬೇರೇನನ್ನೂ ಹಾಕುತ್ತಿರಲಿಲ್ಲ.

ನಾನು: ಭಾವ ಹೇಳಿದ್ದು ನಿಜ, ಮತ್ತು ಅವರು ಕಂಡ ಲಕ್ಷಣವೇ ಸಂದೇಶದ ಮುಖ್ಯ ವಾದಕ್ಕೆ ಉತ್ತರವೂ ಆಗಿದೆ. ಎಲೆಯ ಹಸಿರಾದ ಪತ್ರಹರಿತ್ತಿನ ಪ್ರತಿ ಅಣುವಿನ ನಡುವೆ ಮೆಗ್ನೀಸಿಯಂ ಪರಮಾಣು ಇರುತ್ತದೆ. ಕೊರತೆಯಾದಾಗ ಗಿಡವು ಹಳೆಯ ಎಲೆಯಿಂದ ಅದನ್ನು ಹಿಂತೆಗೆದು ಚಿಗುರಿಗೆ ಸಾಗಿಸುವುದರಿಂದಲೇ ಬುಡದ ಎಲೆ ಮೊದಲು ಕೆಡುತ್ತದೆ. ಕಬ್ಬಿಣದ ಕೊರತೆಯಾಗಿದ್ದರೆ ಚಿಗುರೇ ಮೊದಲು ಬಿಳಿಚಿಕೊಳ್ಳುತ್ತಿತ್ತು. ಪೊಟ್ಯಾಷ್ ಅತಿಯಾದರೂ ಬೇರು ಮೆಗ್ನೀಸಿಯಂ ಹೀರಿಕೊಳ್ಳುವುದು ತಗ್ಗುತ್ತದೆ. ಹೀಗೆ ಕೊರತೆ ತೀವ್ರವಾದ ಹೊಲದಲ್ಲಿ ಬೆಳೆಯೇ ಸೊರಗಿ ಇಳುವರಿ ಬೀಳುತ್ತದೆ. ಹುಲುಸಾಗಿ ಬೆಳೆದ ಪೈರಿನಲ್ಲಿ ಈ ಅಂಶವೇ ಇಲ್ಲವೆನ್ನುವುದು ಸಾಧ್ಯವಿಲ್ಲದ ಮಾತು, ಏಕೆಂದರೆ ಅದಿಲ್ಲದೆ ಎಲೆ ಹಸಿರಾಗುವುದೇ ಇಲ್ಲ.

ನಮ್ಮ ತಟ್ಟೆಯಿಂದ ಮೆಗ್ನೀಸಿಯಂ ಕಳೆದುಹೋಗುತ್ತಿರುವುದು ಹೊಲದಲ್ಲಿ ಅಲ್ಲ, ಹೆಚ್ಚಾಗಿ ಅಕ್ಕಿ ಗಿರಣಿಯಲ್ಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಇದ್ದರೆ, ಪಾಲಿಷ್ ಮಾಡಿದ ಅಷ್ಟೇ ಅಕ್ಕಿಯಲ್ಲಿ ಸುಮಾರು 20 ಮಿಲಿಗ್ರಾಂ ಮಾತ್ರ ಇರುತ್ತದೆ. ಅಕ್ಕಿಯಲ್ಲಿದ್ದ ಉಳಿದ ಅಂಶ ತೌಡಿನೊಂದಿಗೆ ದನದ ಬಾನಿಗೆ ಹೋಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಗಂಡಸರಿಗೆ ದಿನಕ್ಕೆ 440, ಹೆಂಗಸರಿಗೆ 370 ಮಿಲಿಗ್ರಾಂ ಬೇಕು. 200 ಗ್ರಾಂ ಹಿಟ್ಟಿನ ಮುದ್ದೆ ಉಂಡವರಿಗೆ ಅದರಿಂದಲೇ ಸುಮಾರು 280 ಸಿಗುತ್ತದೆ, ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ, ಎಳ್ಳಿನ ಚಟ್ನಿಗಳ ಲೆಕ್ಕ ಬೇರೆ. ಮೂರು ಹೊತ್ತೂ ಬಿಳಿ ಅನ್ನವನ್ನೇ ಉಣ್ಣುವವರು ಇದರ ಹತ್ತಿರಕ್ಕೂ ಬರುವುದಿಲ್ಲ. ರಾಗಿಯ ಸೀಮೆಯಲ್ಲಿ ಹುಟ್ಟಿದ ನಾವು ಮುದ್ದೆ ಬಿಟ್ಟು ಮಾತ್ರೆಯನ್ನು ಹುಡುಕುತ್ತಿರುವುದು ನನಗೆ ನಿಜಕ್ಕೂ ನೋವು ತರುತ್ತದೆ.

ಚಿಕ್ಕಮ್ಮ (ಮೈಸೂರು): ರಾಗಿಯಲ್ಲಿ ಫೈಟಿಕ್ ಆಮ್ಲವಿದ್ದು ಅದು ಖನಿಜಾಂಶಗಳನ್ನು ಹಿಡಿದಿಡುತ್ತದೆಯಲ್ಲವೇ? ತಿಂದದ್ದೆಲ್ಲ ಮೈಗೆ ಹತ್ತದಿದ್ದರೆ ಲೆಕ್ಕ ಹಾಕಿ ಏನು ಪ್ರಯೋಜನ? ಅಲ್ಲದೆ ಹೋದ ವರ್ಷ ನನ್ನ ರಕ್ತಪರೀಕ್ಷೆಯಲ್ಲಿ ಮೆಗ್ನೀಸಿಯಂ ಸರಿಯಾಗಿಯೇ ಇತ್ತು.

ನಾನು: ಪ್ರಶ್ನೆ ಸರಿಯಾಗಿದೆ, ಚಿಕ್ಕಮ್ಮ. ಫೈಟಿಕ್ ಆಮ್ಲ ಒಂದಿಷ್ಟನ್ನು ತಡೆಯುತ್ತದೆ, ಪೂರ್ತಿ ಅಲ್ಲ. ನಿಮ್ಮ ಅತ್ತೆ ಮಾಡುತ್ತಿದ್ದಂತೆ ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಆ ಆಮ್ಲ ಕಡಿಮೆಯಾಗುತ್ತದೆ. ರಕ್ತಪರೀಕ್ಷೆಗೆ ಮಿತಿಯಿದೆ. ವಯಸ್ಕರ ದೇಹದಲ್ಲಿರುವ ಸುಮಾರು 25 ಗ್ರಾಂ ಮೆಗ್ನೀಸಿಯಂನಲ್ಲಿ ಅರ್ಧಕ್ಕಿಂತ ಹೆಚ್ಚು ಮೂಳೆಯಲ್ಲಿರುತ್ತದೆ, ಪರೀಕ್ಷೆಯಲ್ಲಿ ಅಳೆಯುವ ರಕ್ತದ ಸೀರಂನಲ್ಲಿ (ರಕ್ತದ ತಿಳಿ ದ್ರವದಲ್ಲಿ) ಇರುವುದು ಶೇಕಡಾ 1ಕ್ಕಿಂತ ಕಡಿಮೆ. ಆದ್ದರಿಂದ ಅಂಕಿ ಸರಿಯಿದ್ದ ಮಾತ್ರಕ್ಕೆ ದಾಸ್ತಾನು ತುಂಬಿದೆ ಎನ್ನಲಾಗದು. ಆದರೆ ಅಂಕಿಯೇ ಇಳಿದಿದ್ದರೆ ಉದಾಸೀನ ಮಾಡಬಾರದು.

ದೊಡ್ಡಪ್ಪ: ನೀನು ಹೇಳುವುದೆಲ್ಲ ಇರಲಿ, ಕಾಲು ಹಿಡಿದುಕೊಳ್ಳುವುದು ನನಗೆ. ಪಕ್ಕದ ಮನೆಯವರಿಗೆ ಅದೇ ಮಾತ್ರೆಯಿಂದ ಗುಣವಾಗಿದೆ.

ನಾನು: ಅವರಿಗೆ ಗುಣವಾಗಿರಬಹುದು. ಆದರೆ ವಯಸ್ಸಾದವರ ಕಾಲು ಹಿಡಿದುಕೊಳ್ಳುವುದರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ) ವರದಿಯು ಹೀಗೆ ಮಾಂಸಖಂಡ ಹಿಡಿದುಕೊಳ್ಳುವುದನ್ನು ಈ ಮಾತ್ರೆ ಹೇಳಿಕೊಳ್ಳುವಷ್ಟು ತಡೆಯುವ ಸಂಭವ ಕಡಿಮೆ ಎಂದಿದೆ. ನಿಮ್ಮ ವಿಷಯದಲ್ಲಿ ನನಗಿರುವ ಅನುಮಾನವೇ ಬೇರೆ. ಎದೆಯುರಿಗೆಂದು ನೀವು ವರ್ಷಗಳಿಂದ ಬೆಳಗ್ಗೆ ಬರಿಹೊಟ್ಟೆಯಲ್ಲಿ ಪ್ಯಾಂಟಾಪ್ರಜೋಲ್ ತೆಗೆದುಕೊಳ್ಳುತ್ತಿದ್ದೀರಿ. ಹೊಟ್ಟೆಯ ಆಮ್ಲ ತಗ್ಗಿಸುವ ಆ ಗುಂಪಿನ ಮಾತ್ರೆಗಳನ್ನು ದೀರ್ಘಕಾಲ ಸೇವಿಸಿದರೆ ರಕ್ತದ ಮೆಗ್ನೀಸಿಯಂ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಎಚ್ಚರಿಸಿದೆ. ಹಾಗಾಗಿದ್ದರೆ ನಿಮ್ಮ ಕೊರತೆಗೆ ಕಾರಣ ಮಣ್ಣಲ್ಲ, ಎದೆಯುರಿಯ ಮಾತ್ರೆ. ಸೋಮವಾರ ವೈದ್ಯರಲ್ಲಿಗೆ ಹೋಗುವಾಗ ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಒಯ್ಯಿರಿ. ಮೆಗ್ನೀಸಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ರಿಯಾಟಿನಿನ್ ನಾಲ್ಕನ್ನೂ ಒಂದೇ ಸಲ ತೆಗೆದ ರಕ್ತದಲ್ಲಿ ಪರೀಕ್ಷಿಸುವಂತೆ ಕೇಳೋಣ, ನಾನೂ ಜೊತೆಗೆ ಬರುತ್ತೇನೆ.

ದೊಡ್ಡಪ್ಪ: ಸರಿ, ಸೋಮವಾರದವರೆಗೆ ಡಬ್ಬಿ ತೆರೆಯುವುದಿಲ್ಲ. ಎದೆಯುರಿಯ ಮಾತ್ರೆಯನ್ನೂ ನಿಲ್ಲಿಸಲೇ?

ನಾನು: ಬೇಡ. ಅದನ್ನು ನಿಲ್ಲಿಸುವುದು, ಬದಲಿಸುವುದು ವೈದ್ಯರೇ ಹೇಳಲಿ.