100ಕ್ಕೆ ಸರಿಯಾಯಿತು, 20ಕ್ಕೆ ಯಾಕೆ ಆಗುತ್ತಿಲ್ಲ?

ತೇಗದ ಹಲಗೆ, ತುಮಕೂರು:
ಮನೆ ನೇಮ್ ಬೋರ್ಡ್ ಕೊರೆಯಲು 3018 ಮಷಿನ್ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಣ್ಣ ಸಿಎನ್‌ಸಿ) ಇಟ್ಟುಕೊಂಡಿದ್ದೇನೆ. ಮೋಟಾರ್ ಓಡಿಸುವುದು ಜಿಆರ್‌ಬಿಎಲ್ ಸಾಫ್ಟ್‌ವೇರ್ ಇರುವ ಬೋರ್ಡ್, ಕ್ಯಾರೇಜ್ ಸರಿಸುವುದು ಟಿ8 ಲೀಡ್‌ಸ್ಕ್ರೂ (ಉದ್ದ ತಿರುಪು). ಮರದಲ್ಲಿ 20 ಮಿ.ಮೀ. ಚೌಕದ ಗುಳಿ ತೆಗೆದು ಹಿತ್ತಾಳೆ ಬಿಲ್ಲೆ ಕೂರಿಸಬೇಕು. ಎಕ್ಸ್ ಕಡೆ 100 ಕೊಟ್ಟರೆ 99.7 ಬರುತ್ತಿತ್ತು. ವಿಡಿಯೊ ನೋಡಿ $100 ಸೆಟ್ಟಿಂಗ್ (ಎಕ್ಸ್ ಕಡೆ ಒಂದು ಮಿ.ಮೀ.ಗೆ ಎಷ್ಟು ಸ್ಟೆಪ್ ಅನ್ನುವುದು) ಅನ್ನು 800ರಿಂದ 802.4ಕ್ಕೆ ಏರಿಸಿದೆ. ಈಗ 100 ಸರಿ. ಆದರೆ 20ರ ಗುಳಿ 19.76, ಬಿಲ್ಲೆ ಇಳಿಯುತ್ತಿಲ್ಲ. 200ರದ್ದು 200.3! ವೈ ಕಡೆ ತೊಂದರೆ ಇಲ್ಲ. ಮೋಟಾರ್ ಸ್ಟೆಪ್ ತಪ್ಪುತ್ತಿದೆಯಾ?

ಮರದ ಪುಡಿ:
ಮೋಟಾರಿಗೆ ಕರೆಂಟ್ ಕೊಡುವ ಡ್ರೈವರ್ ಜಾಸ್ತಿ ಬಿಸಿ ಆಗುತ್ತಿದೆಯಾ ನೋಡಿ. $120 (ಎಕ್ಸ್ ಕಡೆ ವೇಗ ಏರುವ ದರ) ಇಳಿಸಿ ಒಮ್ಮೆ ಓಡಿಸಿ.

ಹಳೇ ಲೇತ್, ಅಂತರಸನಹಳ್ಳಿ:
ಸ್ಟೆಪ್ ತಪ್ಪಿದ್ದರೆ ಅಳತೆ ಒಂದೊಂದು ಸಲ ಒಂದೊಂದು ಥರ ಬರುತ್ತಿತ್ತು, ಕೆಲಸ ಮುಗಿದ ಮೇಲೆ ಬಿಟ್ ಸೊನ್ನೆಗೆ ವಾಪಸ್ ಬರುತ್ತಿರಲಿಲ್ಲ. ನಿಮಗೆ ಹಾಗಿಲ್ಲ ಅಲ್ವಾ? ಮೊದಲು 802.4 ತೆಗೆದು 800 ಹಾಕಿ. ಮೋಟಾರ್ ಒಂದು ಸುತ್ತು ತಿರುಗಲು 200 ಸ್ಟೆಪ್, ಮೈಕ್ರೋಸ್ಟೆಪ್ 16 (ಒಂದೊಂದು ಸ್ಟೆಪ್ಪನ್ನೂ 16 ಭಾಗ ಮಾಡುವುದು), ಅಂದರೆ 3200. ನಿಮ್ಮ ಸ್ಕ್ರೂ ಒಂದು ಸುತ್ತಿಗೆ 4 ಮಿ.ಮೀ. ಹೋಗುತ್ತದೆ. ಭಾಗಿಸಿದರೆ 800. ಇದು ಹಲ್ಲಿನ ಲೆಕ್ಕ, ಕ್ಯಾಲಿಪರ್ ಹಿಡಿದು ತಿದ್ದುವಂಥದ್ದಲ್ಲ.

800 ಇಟ್ಟು 20, 100 ಎರಡನ್ನೂ ಕೊರೆಯಿರಿ. 19.7, 99.7 ಬರುತ್ತದೆ ಅಂತ ನನ್ನ ಲೆಕ್ಕ. ಎರಡರಲ್ಲೂ ಅದೇ 0.3 ಕಡಿಮೆ ಆದರೆ ಅದು ಪ್ಲೇ, ಅಂದರೆ ದಿಕ್ಕು ಬದಲಿಸುವಾಗ ಸಡಿಲದಲ್ಲಿ ಕಳೆದುಹೋಗುವ ಚಲನೆ. ಸ್ಟೆಪ್ ಲೆಕ್ಕ ತಪ್ಪಿದ್ದರೆ ಉದ್ದ ಹೆಚ್ಚಿದಂತೆ ವ್ಯತ್ಯಾಸವೂ ಹೆಚ್ಚುತ್ತಿತ್ತು. ಬಿಟ್ ಸವೆದು ಸಣ್ಣದಾಗಿದ್ದರೆ ವೈ ಕಡೆಯೂ ಕಡಿಮೆ ಬರಬೇಕಿತ್ತು.

ಪ್ಲೇ ಎಲ್ಲಿದೆ ಅಂತ ಹುಡುಕಲು ಡಯಲ್ ಗೇಜ್ ಬೇಡ, ಕೈ ಸಾಕು. ಮಷಿನ್ ಆನ್ ಮಾಡಿ, ಮೋಟಾರ್ ಲಾಕ್ ಆಗಿರಲಿ. ಎಕ್ಸ್ ಕ್ಯಾರೇಜ್ ಹಿಡಿದು ಅತ್ತ ಇತ್ತ ತಳ್ಳಿ, ಕಣ್ಣು ಸ್ಕ್ರೂ ತುದಿಯ ಮೇಲಿರಲಿ. ಸ್ಕ್ರೂ ನಿಂತಿದ್ದು ಕ್ಯಾರೇಜ್ ಮಾತ್ರ ಅಲ್ಲಾಡಿದರೆ ಸ್ಕ್ರೂ ಮೇಲೆ ಓಡುವ ಹಿತ್ತಾಳೆ ನಟ್ಟು ಸವೆದಿದೆ. ಸ್ಕ್ರೂನೂ ಜೊತೆಗೆ ಸರಿದರೆ ನಟ್ಟಿನ ತಪ್ಪಿಲ್ಲ. ಮೋಟಾರನ್ನು ಸ್ಕ್ರೂಗೆ ಜೋಡಿಸುವ ಕಪ್ಲಿಂಗ್‌ನ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ತಿರುಪು) ಅಥವಾ ಬೇರಿಂಗ್ ನೋಡಿ.

ಇನ್ನೊಂದು ಮಾತು. ಜಿಆರ್‌ಬಿಎಲ್‌ನಲ್ಲಿ ಪ್ಲೇ ಸರಿದೂಗಿಸುವ ಸೆಟ್ಟಿಂಗ್ ಇಲ್ಲ, ಮ್ಯಾಕ್3 ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಇದೆ. ಇದ್ದರೂ ನನಗೆ ಅದು ಇಷ್ಟವಿಲ್ಲ. ಕಬ್ಬಿಣದ ತಪ್ಪನ್ನು ಕಬ್ಬಿಣದಲ್ಲೇ ಸರಿಮಾಡಬೇಕು.

ತೇಗದ ಹಲಗೆ:
ನೋಡಿದೆ ಸರ್. ಸ್ಕ್ರೂನೇ ಸರಿಯುತ್ತಿದೆ! ಕಪ್ಲಿಂಗ್‌ನಲ್ಲಿ ಸ್ಕ್ರೂ ಕಡೆಯ ಗ್ರಬ್ ಸಡಿಲ ಇತ್ತು. ಬಿಗಿ ಮಾಡಿ 800ರಲ್ಲೇ ಕೊರೆದರೆ 20ಕ್ಕೆ 19.93, 100ಕ್ಕೆ 99.93. ಮಿಕ್ಕ 0.07 ನಟ್ಟಿನದಾ?

ಹಳೇ ಲೇತ್, ಅಂತರಸನಹಳ್ಳಿ:
ಹೆಚ್ಚುಕಡಿಮೆ ಅದೇ. ಸಡಿಲ ಬಿಡದಂತೆ ಸ್ಪ್ರಿಂಗ್ ಒತ್ತುವ ಜೋಡಿ ನಟ್ಟು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ. ಕೊಳ್ಳುವಾಗ 4 ಮಿ.ಮೀ. ಲೀಡ್ (ಒಂದು ಸುತ್ತಿಗೆ ಸರಿಯುವ ದೂರ) ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ ಟಿ8 ಅಂದರೆ 8ರದ್ದು ಕೊಟ್ಟು ಕಳಿಸುತ್ತಾರೆ, ಅದು ನಿಮ್ಮ ಸ್ಕ್ರೂಗೆ ಹತ್ತುವುದಿಲ್ಲ. ಅಲ್ಲಿಯವರೆಗೆ ಬಿಲ್ಲೆಯ ಅಂಚಿಗೆ ಎಮರಿ ಕಾಗದ ಹೊಡೆಯಿರಿ.

ಮರದ ಪುಡಿ:
ಗ್ರಬ್ ಸ್ಕ್ರೂಗೆ ನೀಲಿ ಲಾಕ್‌ಟೈಟ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ. ಇಲ್ಲದಿದ್ದರೆ ಅದುರಿ ಅದುರಿ ಮತ್ತೆ ಸಡಿಲ ಆಗುತ್ತದೆ.