ಒಂಟಿ ಸ್ನಾಯು ತಂತುವಿನಲ್ಲಿ ಕ್ಯಾಲ್ಸಿಯಂ ಅಳೆಯೋದು: ಅನುಭವ ಇದ್ದೋರು ಹೇಳಿ

ಕೇಳಿದವರು, ಹಾಸನ: ಮೌಸ್ ಪಾದದ ಎಫ್‌ಡಿಬಿ ಸ್ನಾಯುವಿನಿಂದ (ಬೆರಳು ಮಡಿಸೋ ಸಣ್ಣ ಸ್ನಾಯು) ತಂತು ಬಿಡಿಸಿ, ಫ್ಯೂರಾ-2 ಎಎಂ (ಕ್ಯಾಲ್ಸಿಯಂ ಹಿಡಿದಾಗ ಹೊಳಪು ಬದಲಾಗೋ ಬಣ್ಣ) ತುಂಬಿಸಿ, ವಿದ್ಯುತ್ ಪಲ್ಸ್ ಕೊಟ್ಟು ಸಿಗ್ನಲ್ ತೆಗೀತಿದ್ದೀನಿ. ತುಂಬಾ ತಂತು ಮುದುಡಿಹೋಗ್ತವೆ. ಉಳಿದವು ಪಲ್ಸ್‌ಗೆ ಜಿಗಿದು ಫೋಕಸ್ ತಪ್ಪುತ್ತೆ. ಸಿಗ್ನಲ್ ಇಳಿಯೋದೂ ನಿಧಾನ. ದಾರಿ ಹೇಳಿ.

ಉತ್ತರ 1: ಮೇಡಂ, ಮೈಕ್ರೋಸ್ಕೋಪ್ ಆಮೇಲೆ, ಮೊದಲು ತಂತು ನೋಡಿ. ತಂತುಗಳನ್ನು ಹಿಡಿದಿಟ್ಟ ಅಂಗಾಂಶ ಕರಗಿಸೋ ಕಿಣ್ವ ಕೊಲಾಜಿನೇಸ್‌ನಲ್ಲಿ 37 ಡಿಗ್ರೀಲಿ ಒಂದೆರಡು ಗಂಟೆ ಅಂತ ಬರೆದಿರ್ತಾರೆ. ಕಿಣ್ವದ ಲಾಟ್ ಬದಲಾದ್ರೆ ಆ ಲೆಕ್ಕ ಕೆಡುತ್ತೆ. ಗಡಿಯಾರ ನಂಬಬೇಡಿ, ಸ್ನಾಯು ಸಡಿಲಾಗಿ ಅಂಚಲ್ಲಿ ಎಳೆ ಬಿಟ್ಟುಕೊಳ್ಳೋಕೆ ಶುರುವಾದಾಗ ತೆಗೀರಿ. ಗಾಜಿನ ಪಿಪೆಟ್ ಬಾಯಿ ಅಗಲ ಇರಲಿ, ಅಂಚನ್ನು ಬೆಂಕಿಗೆ ಹಿಡಿದು ನುಣುಪು ಮಾಡಿ. ಗುಳ್ಳೆ ಏಳದ ಹಾಗೆ ಸ್ನಾಯುವನ್ನು ಅದರೊಳಗೆ ಎಳೆದು, ಹೊರಬಿಟ್ಟು ತಂತು ಬಿಡಿಸಿ. ಅವಸರ ಮಾಡಿದಷ್ಟೂ ತಂತು ಸಾಯ್ತವೆ. ಅಡ್ಡಗೆರೆ ನೇರವಾಗಿ ಕಾಣೋ, ಮೈಮೇಲೆ ಗುಳ್ಳೆ ಇಲ್ಲದ, ಪ್ರತಿ ಪಲ್ಸ್‌ಗೂ ಉದ್ದಕ್ಕೂ ಮಿಡಿಯೋ ತಂತು ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ಜಿಗಿತಕ್ಕೆ ಕವರ್‌ಸ್ಲಿಪ್ ಮೇಲೆ ಲ್ಯಾಮಿನಿನ್ (ತಂತು ಅಂಟಿಕೊಳ್ಳೋ ಪ್ರೋಟೀನ್) ಹಚ್ಚಿ, ಜೊತೆಗೆ ಬಿಟಿಎಸ್ ಅನ್ನೋ ರಾಸಾಯನಿಕ ಹಾಕಿ. ಅದು ವೇಗದ ತಂತುಗಳ ಮಯೋಸಿನ್ (ಸ್ನಾಯು ಮುದುಡಿಸೋ ಪ್ರೋಟೀನ್) ತಡೆಯೋದು. ಎಫ್‌ಡಿಬೀಲಿ ಹೆಚ್ಚಾಗಿ ಇರೋದೇ ಅವು. ಇದೇ ಕೆಲಸದ ಬ್ಲೆಬ್ಬಿಸ್ಟಾಟಿನ್ ಬೇಡ, ನೀಲಿ ಬೆಳಕಿಗೆ ಒಡೆದು ಕೋಶಕ್ಕೇ ವಿಷವಾಗುತ್ತೆ.

ಉತ್ತರ 2: ಸಿಗ್ನಲ್ ನಿಧಾನ ಇಳಿದ್ರೆ ತಂತುವನ್ನೇ ದೂರಬೇಡಿ, ಫ್ಯೂರಾದ್ದೂ ಪಾಲಿದೆ. ಅದು ಕ್ಯಾಲ್ಸಿಯಂಅನ್ನು ಗಟ್ಟಿ ಹಿಡ್ಕೊಂಡು ಬೇಗ ಬಿಡಲ್ಲ, ಸಾಲದ್ದಕ್ಕೆ ಕ್ಯಾಲ್ಸಿಯಂ ಮೇಲಕ್ಕೆ ಹೋದಾಗ ಬಣ್ಣವೇ ತುಂಬಿಹೋಗುತ್ತೆ. ವಿಶ್ರಾಂತಿ ಮಟ್ಟ ತಿಳಿಯೋಕೆ 340, 380 ನ್ಯಾನೋಮೀಟರ್ ಬೆಳಕು ಕೊಟ್ಟಾಗಿನ ಹೊಳಪುಗಳ ಅನುಪಾತ ಚಿನ್ನ. ಒಂದೊಂದು ಮಿಡಿತದ ಆಕಾರ ಬೇಕಂದ್ರೆ ಮ್ಯಾಗ್-ಫ್ಲೂಒ-4 ಥರ ಸಡಿಲ ಹಿಡಿತದ ಬಣ್ಣ ತಗೊಳ್ಳಿ. ಅದರಲ್ಲಿ ಅನುಪಾತ ಸಿಗಲ್ಲ, ಹಾಗಾಗಿ ಎರಡೂ ಕೆಲಸ ಒಂದರಲ್ಲೇ ಮುಗಿಸೋ ಆಸೆ ಬಿಡಿ. ಬಣ್ಣ ತುಂಬಿಸೋದು ಕೋಣೆ ತಾಪದಲ್ಲೇ ಆಗಲಿ. 37 ಡಿಗ್ರೀಲಿ ಅದು ಮೈಟೊಕಾಂಡ್ರಿಯಾದ ಒಳಗೂ ನುಗ್ಗುತ್ತೆ.

ಉತ್ತರ 3, ಚಿಕ್ಕಮಗಳೂರು: ನಮ್ಮ ಕಡೆ ಜುಲೈ ಮಳೇಲಿ ಇರೋ ಕೋಣೆ ತಾಪ ಬೇರೆ, ಏಪ್ರಿಲ್‌ನದ್ದು ಬೇರೆ. ತಣ್ಣಗಿದ್ರೆ ಸಿಗ್ನಲ್ ಇನ್ನೂ ನಿಧಾನ ಇಳಿಯುತ್ತೆ. ಥರ್ಮಾಮೀಟರ್ ಗೋಡೆ ಮೇಲಲ್ಲ, ಡಿಶ್ ಒಳಗೇ ಇರಲಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಡೌಟು. ದ್ರಾವಣದಿಂದ ಕ್ಯಾಲ್ಸಿಯಂ ತೆಗೆದ್ರೂ ಪಲ್ಸ್‌ಗೆ ಸಿಗ್ನಲ್ ಬರ್ತಿದೆ. ಎಲ್ಲಾದ್ರೂ ಲೀಕಾ?

ಉತ್ತರ 1: ಲೀಕ್ ಅಲ್ಲ, ಬರಲೇಬೇಕು! ಹೃದಯದ ಸ್ನಾಯುವಿಗೆ ಹೊರಗಿನ ಕ್ಯಾಲ್ಸಿಯಂ ಬೇಕು. ಇಲ್ಲಿ ಟಿ-ಟ್ಯೂಬ್ಯೂಲ್‌ನ (ತಂತುವಿನ ಪೊರೆ ಒಳಕ್ಕೆ ಮಡಿಚಿದ ಕೊಳವೆ) ಡಿಎಚ್‌ಪಿಆರ್ ಅನ್ನೋ ಪ್ರೋಟೀನ್ ನೇರವಾಗಿ ದಾಸ್ತಾನಿನ ರೈಆರ್1 ಬಾಗಿಲು ತೆಗೆಸುತ್ತೆ, ಒಳಗಿನ ದಾಸ್ತಾನೇ ಹೊರಬರುತ್ತೆ. ದಾಸ್ತಾನು ಎಷ್ಟಿದೆ ಅನ್ನೋ ಅಂದಾಜು ಬೇಕಿದ್ರೆ ಕೊನೆಗೆ ದಾಸ್ತಾನು ಹೊರಬಿಡಿಸೋ ಕೆಫೀನ್ ಹಾಕಿ ನೋಡಿ. ಆಮೇಲೆ ಆ ತಂತು ಇನ್ನೊಂದು ಅಳತೆಗೆ ಬೇಡ.