ಅಮ್ಮನನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಮೊದಲು ಅವಳನ್ನೇ ಕೇಳುವುದು ಹೇಗೆ?

ಪ್ರಶ್ನೆ
ಅಮ್ಮನಿಗೆ ಡಿಮೆನ್ಷಿಯಾ ಅಂತ ಗೊತ್ತಾಗಿ 4 ವರ್ಷ. ಈಗೀಗ ನಡುರಾತ್ರಿ ಎದ್ದು ಚಿಲಕ ತೆಗೆದು ಹೊರಗೆ ಹೊರಟುಬಿಡುತ್ತಾಳೆ. ನನ್ನೊಬ್ಬಳ ಕೈಲಿ ಆಗುತ್ತಿಲ್ಲ. ಹೋದ ವಾರ ಅವಳೆದುರೇ ಅಣ್ಣನ ಜೊತೆ ಫೋನಿನಲ್ಲಿ ಇದನ್ನೆಲ್ಲ ಮಾತಾಡುತ್ತಿದ್ದೆ, ಅವಳಿಗೇನು ತಿಳಿಯುತ್ತೆ ಅನ್ನುವ ಧೈರ್ಯದಲ್ಲಿ. ಮಡಚುತ್ತಿದ್ದ ಟವೆಲ್ಲನ್ನು ಪಕ್ಕಕ್ಕಿಟ್ಟು, "ನನ್ನನ್ನ ಯಾರೂ ಕೇಳಲ್ವಾ?" ಅಂದಳು.

ಅವತ್ತಿನಿಂದ ನಿದ್ದೆ ಹತ್ತುತ್ತಿಲ್ಲ. ಕೇಳಿದರೆ "ಇದೇ ನನ್ನ ಮನೆ" ಅಂತಾಳೆ. ಹತ್ತು ನಿಮಿಷ ಬಿಟ್ಟು ಅಲ್ಲೇ ಕೂತು "ಮನೆಗೆ ಹೋಗೋಣ" ಅಂತಾಳೆ. ಯಾವ ಮಾತನ್ನು ಹಿಡಿಯಲಿ?

ಉತ್ತರ 1
ಅಪ್ಪನ ವಿಷಯದಲ್ಲಿ ನಾವೂ "ಅಲ್ಲಿಗೆ ಹೋಗ್ತೀರಾ?" ಅಂತಲೇ ಕೇಳುತ್ತಿದ್ದೆವು. ಅದು ಅವರ ತಲೆಗೆ ಭಾರವಾದ ಪ್ರಶ್ನೆ. ಒಡೆದು ಕೇಳಿದಾಗ ಉತ್ತರ ಬಂತು: ಮಂಚ ಕಿಟಕಿ ಕಡೆಗಾ, ಗೋಡೆ ಕಡೆಗಾ? ಯಾವ ಕುರ್ಚಿ ಜೊತೆಗೆ ಬರಬೇಕು? ಎರಡೇ ಆಯ್ಕೆ, ಫೋಟೊ ಕೈಗೆ ಕೊಟ್ಟು. ಬೆಳಗ್ಗೆ ಕೇಳಿ, ಸಂಜೆಯಾದಂತೆ ಹಲವರಿಗೆ ಗಲಿಬಿಲಿ ಜಾಸ್ತಿ. ಕನ್ನಡಕ, ಕಿವಿಯ ಯಂತ್ರ ಹಾಕಿದ್ದಾರಾ ನೋಡಿ (ನಗಬೇಡಿ, ನಾವು ಮರೆತಿದ್ದೆವು). ಅದೇ ಪ್ರಶ್ನೆಯನ್ನು ಮೂರ್ನಾಲ್ಕು ದಿನ ಬೇರೆ ಬೇರೆ ಹೊತ್ತಿನಲ್ಲಿ ಕೇಳಿ ಬರೆದಿಡಿ. ಮತ್ತೆ ಮತ್ತೆ ಬರುವ ಉತ್ತರವನ್ನು ಹಿಡಿಯಿರಿ.

ಉತ್ತರ 2
ನಾನು ಆರೈಕೆ ಕೇಂದ್ರದಲ್ಲಿ ನರ್ಸ್. ಹಣಕಾಸಿನ ಲೆಕ್ಕ ತಿಳಿಯದವರಿಗೂ ಯಾರ ಪಕ್ಕ ಕೂರಬೇಕು ಅನ್ನುವುದು ತಿಳಿದಿರುತ್ತೆ. "ಮನೆಗೆ ಹೋಗೋಣ" ಅನ್ನುವುದು ಎಷ್ಟೋ ಸಲ ವಿಳಾಸದ ಮಾತಲ್ಲ, ಭಯದ್ದು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ನಿರ್ಧಾರ ಮಾಡಲು ಬೇಕಾದ ನೆರವು ಕೊಡಿ ಅನ್ನುತ್ತದೆ.

ಒಂದು ಕಟುಮಾತು: ನೀವು ಆಗಲೇ ತೀರ್ಮಾನಿಸಿದ್ದರೆ "ಹೋಗ್ತೀಯಾ?" ಅಂತ ಕೇಳಬೇಡಿ. ಬೇಡ ಅಂದ ಮೇಲೂ ಕರೆತಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ಕೈಗೆ ನಿಜವಾಗಿ ಬಿಡಬಹುದಾದದ್ದನ್ನು ಕೇಳಿ. ಸಾಧ್ಯವಾದರೆ ಮೊದಲು ಒಂದು ವಾರ ಇಟ್ಟು ನೋಡಿ. ಹೋದದ್ದು ಮರೆತರೂ ಮುಖದಲ್ಲಿ ಗೊತ್ತಾಗುತ್ತೆ.

ಪ್ರಶ್ನೆ ಕೇಳಿದವರು
ಇವತ್ತು ಬೆಳಗ್ಗೆ ಎರಡು ಕೋಣೆಗಳ ಫೋಟೊ ತೋರಿಸಿದೆ. ಒಂದನ್ನು ಮಗುಚಿಟ್ಟಳು. ಇನ್ನೊಂದನ್ನು ಕಣ್ಣ ಹತ್ತಿರ ಹಿಡಿದು, ಬಾಗಿಲ ಮೇಲೆ ಬೆರಳಿಟ್ಟು, "ಇದಕ್ಕೆ ಚಿಲಕ ಒಳಗಡೆನಾ, ಹೊರಗಡೆನಾ?" ಅಂದಳು. ನಾನು ಅದನ್ನು ವಿಚಾರಿಸಿಯೇ ಇರಲಿಲ್ಲ. ನಾಳೆ ಕೇಂದ್ರಕ್ಕೆ ಫೋನ್ ಮಾಡುತ್ತೇನೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು.